‘ಹೋಗಿ ಬರ್ತೀವಿ’ ಅಂದ ಮೇಲೆ: ಚರ್ಚ್ ಹುಡುಗರ ಸೇವೆ ನಡೆಯುವ ಬಗೆ

ಭಾನುವಾರ ಬೆಳಿಗ್ಗೆ ಎಂಟೂವರೆ. ಕನ್ನಡ ಪೂಜೆ ಮುಗಿಸಿದವರು ಹೊರಗೆ ಬರುತ್ತಿದ್ದಾರೆ. ಇಂಗ್ಲಿಷ್ ಪೂಜೆಗೆ ಬಂದವರು ಒಳಗೆ ಹೋಗಲು ಕಾಯುತ್ತಿದ್ದಾರೆ. ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಏಳೆಂಟು ಹುಡುಗ ಹುಡುಗಿಯರು ಸ್ಕೂಟರಿಗೆ ಒರಗಿಕೊಂಡು ನಿಂತಿದ್ದಾರೆ. ಒಬ್ಬಳ ಕೈಯಲ್ಲಿ ಗಟ್ಟಿ ರಟ್ಟಿನ ನೋಟ್‌ಬುಕ್. ಇನ್ನೊಬ್ಬನ ಬೆನ್ನಿಗೆ ಆಫೀಸಿನ ಲ್ಯಾಪ್‌ಟಾಪ್ ಬ್ಯಾಗು. ಒಳಗೆ ಮಾತ್ರ ಎರಡು ಕೆಜಿ ತೊಗರಿಬೇಳೆ, ಯಾರದೋ ಅಜ್ಜಿಯ ಬಿ.ಪಿ. ಮಾತ್ರೆ.

ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದ ಪಕ್ಕದ ಮನೆಯ ಗೆಳೆಯ ಅವರನ್ನೇ ನೋಡುತ್ತಾ ಕೇಳಿದ: ‘ಇವ್ರು ಏನ್ ಗುರೂ, ದಾನ ಮಾಡೋಕೆ ಹೋಗ್ತಾರಾ, ಇಲ್ಲಾ ಜನ ಸೇರಿಸೋಕೆ ಹೋಗ್ತಾರಾ?’

ನೇರ ಪ್ರಶ್ನೆ. ಬೇಜಾರೇನೂ ಆಗಲಿಲ್ಲ. ಚರ್ಚಿನವರ ಸೇವೆ ಅಂದರೆ ನಮ್ಮ ಬೆಂಗಳೂರಲ್ಲಿ ಹೆಚ್ಚಿನವರ ತಲೆಗೆ ಬರುವುದು ಇವೆರಡೇ. ಎರಡೂ ಅಲ್ಲ ಕಣೋ ಅಂದೆ. ‘ಮತ್ತೇನು?’ ಅಂದ. ಗಾಡಿ ಹಿಂದೆ ಕೂತು, ಹೆಲ್ಮೆಟ್ ಒಳಗಿಂದ ಕೂಗಿ ಹೇಳುವಂಥ ವಿಷಯ ಅದಾಗಿರಲಿಲ್ಲ. ಅವನಿಗೆ ಅವತ್ತು ಹೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪದ. ನಮ್ಮ ಬಲಿಪೂಜೆಗೆ ಇಂಗ್ಲಿಷಿನವರು ‘ಮಾಸ್’ ಅನ್ನುತ್ತಾರೆ. ಆ ಪದ ಹುಟ್ಟಿದ್ದು ಪೂಜೆಯ ಕೊನೆಯಲ್ಲಿ ಗುರುಗಳು, ಅಂದರೆ ಪಾದ್ರಿಗಳು, ಹೇಳುತ್ತಿದ್ದ ಲತೀನ್ ಮಾತಿನಿಂದ: ‘ಇತೆ, ಮಿಸ್ಸಾ ಎಸ್ತ್’. ಹೊರಡಿ, ನಿಮ್ಮನ್ನು ಬೀಳ್ಕೊಟ್ಟಾಯಿತು ಅಂತ ಅದರ ಅರ್ಥ. ಒಂದು ಗಂಟೆಯ ಪೂಜೆಗೆ ಹೆಸರು ಬಂದದ್ದು ಅದರ ಕೊನೆಯ ಅರ್ಧ ನಿಮಿಷದಿಂದ! ಕನ್ನಡದಲ್ಲಿ ನಾವು ಸುಮ್ನೆ ‘ಹೋಗ್ತೀನಿ’ ಅನ್ನುವುದಿಲ್ಲ. ಅಂದರೆ ಮನೆಯಲ್ಲಿ ಬೈಸಿಕೊಳ್ಳಬೇಕು. ‘ಹೋಗಿ ಬರ್ತೀನಿ’ ಅನ್ನಬೇಕು. ಇಷ್ಟು ವರ್ಷ ಈ ಗುಂಪುಗಳ ಜೊತೆ ಓಡಾಡಿದ ಮೇಲೆ ನನಗೆ ಅನ್ನಿಸುವುದು ಇಷ್ಟೆ: ಇವರ ಕೆಲಸದಲ್ಲಿ ಕಷ್ಟವಾದದ್ದು ‘ಹೋಗಿ’ ಅಲ್ಲ, ‘ಬರ್ತೀನಿ’.

ಇದರ ಬೇರು ಬೈಬಲಿನಲ್ಲಿದೆ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ಚಿತ್ರ ಬರುತ್ತದೆ. ಅರಸ, ಅಂದರೆ ಕ್ರಿಸ್ತ, ಜನರನ್ನು ಎರಡು ಗುಂಪು ಮಾಡಿ ನಿಲ್ಲಿಸುತ್ತಾನೆ. ಎಷ್ಟು ಜಪ ಮಾಡಿದಿರಿ, ಎಷ್ಟು ದಿನ ಉಪವಾಸ ಇದ್ದಿರಿ ಅಂತ ಅಲ್ಲಿ ಲೆಕ್ಕ ಕೇಳುವುದಿಲ್ಲ. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಬಟ್ಟೆ ಇಲ್ಲದವರಿಗೆ ಬಟ್ಟೆ, ಗುರುತಿಲ್ಲದವರಿಗೆ ನೆಲೆ, ಕಾಯಿಲೆಯವರಿಗೆ ಆರೈಕೆ, ಸೆರೆಯಲ್ಲಿದ್ದವರಿಗೆ ಭೇಟಿ. ಕೊಟ್ಟವರು, ಕೊಡದವರು ಅಂತ ಎರಡೇ ಸಾಲು. ಅವರಿಗೆ ಮಾಡಿದ್ದೆಲ್ಲ ನನಗೇ ಮಾಡಿದ್ದು ಅನ್ನುತ್ತಾನೆ ಅರಸ. ಈ ಆರರ ಜೊತೆ ಸಭೆ, ಅಂದರೆ ಇಡೀ ಕ್ಯಾಥೊಲಿಕ್ ಚರ್ಚು, ಏಳನೆಯದೊಂದನ್ನು ಸೇರಿಸಿಕೊಂಡಿತು: ಸತ್ತವರನ್ನು ಮಣ್ಣು ಮಾಡುವುದು. ಅದರ ಮೂಲ ಬೈಬಲಿನಲ್ಲೇ ಇರುವ ತೋಬಿತನ ಗ್ರಂಥ. ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಈ ಏಳನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಏಳನೆಯದು ಯಾಕಪ್ಪಾ ಬೇಕು, ಮನೆಯವರು ಇರ್ತಾರಲ್ಲ ಅಂತ ನನಗಾಗ ಅನ್ನಿಸುತ್ತಿತ್ತು. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೋವಿಡ್ ಬಂದಾಗ. ಅದಕ್ಕೆ ಆಮೇಲೆ ಬರುತ್ತೇನೆ.

ಬೈಬಲಿನಲ್ಲಿ ಯಕೋಬನ ಪತ್ರ ಅಂತ ಒಂದಿದೆ. ಚಿಕ್ಕದು, ಆದರೆ ಖಾರ ಜಾಸ್ತಿ. ಚಳಿಯಲ್ಲಿ ನಡುಗುತ್ತಾ ಹಸಿದು ನಿಂತವರಿಗೆ ‘ಸಮಾಧಾನದಿಂದ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬ ಉಣ್ಣಿ’ ಅಂತ ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಬಂತು ಅಂತ ಅಲ್ಲಿ ಕೇಳುತ್ತಾನೆ. ಕೆಲಸದಲ್ಲಿ ಕಾಣದ ವಿಶ್ವಾಸ ಸತ್ತ ವಿಶ್ವಾಸ ಅಂತಲೂ ಅನ್ನುತ್ತಾನೆ.

ಮಾತು ಹಳೆಯದಾಯಿತು. ಅದನ್ನು ಮಾಡುವ ಕ್ರಮ ಎಲ್ಲಿಂದ ಬಂತು? ನಮ್ಮ ಧರ್ಮಕೇಂದ್ರಗಳಲ್ಲಿ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಭಕ್ತರ ಬಳಗಗಳಲ್ಲಿ, ಇವತ್ತು ಕಾಣುವ ಪದ್ಧತಿಯಲ್ಲಿ ಒಂದು ದೊಡ್ಡ ಪಾಲು ಕಾಲೇಜು ಹುಡುಗರು ಕಂಡುಕೊಂಡದ್ದು. 1832ರಲ್ಲಿ ಪ್ಯಾರಿಸ್ ನಗರಕ್ಕೆ ಕಾಲರಾ ಬಡಿದು 18,000ಕ್ಕೂ ಹೆಚ್ಚು ಜನ ಸತ್ತರು. ಆಗ ಅಲ್ಲಿ ಫ್ರೆಡೆರಿಕ್ ಒಜಾನಾಂ ಎಂಬ ಕಾನೂನು ವಿದ್ಯಾರ್ಥಿ ಇದ್ದ. ಗೆಳೆಯರನ್ನು ಸೇರಿಸಿಕೊಂಡು ಚರ್ಚಾಕೂಟ ನಡೆಸುತ್ತಿದ್ದ. ಧರ್ಮದ ಪರವಾಗಿ ಜೋರಾಗಿ ವಾದಿಸುತ್ತಿದ್ದ. ಒಂದು ದಿನ ಎದುರು ಪಕ್ಷದವರು ಕೇಳಿದರು: ನಿಮ್ಮ ಸಭೆ ಹಿಂದೆ ದೊಡ್ಡ ಕೆಲಸ ಮಾಡಿರಬಹುದು, ಈಗ ಈ ಊರಿನ ಬಡವರಿಗೆ ನೀವೇನು ಮಾಡ್ತಿದ್ದೀರಿ? ಹುಡುಗರ ಹತ್ತಿರ ಉತ್ತರ ಇರಲಿಲ್ಲ. 1833ರ ಏಪ್ರಿಲ್ 23ರಂದು ಕೆಲವೇ ಮಂದಿ ಸೇರಿ ಮೊದಲ ಸಭೆ ಮಾಡಿದರು. ಅವತ್ತಿಗೆ ಒಜಾನಾಂಗೆ ಸರಿಯಾಗಿ 20 ವರ್ಷ. ಸಂತ ವಿನ್ಸೆಂಟ್ ದೆ ಪಾಲ್ ಸಭೆ ಶುರುವಾದದ್ದು ಹಾಗೆ. ಇವತ್ತು ಅದು 150ರಷ್ಟು ದೇಶಗಳಲ್ಲಿದೆ. ಬೆಂಗಳೂರಿನ ಎಷ್ಟೋ ಧರ್ಮಕೇಂದ್ರಗಳಲ್ಲಿ ‘ವಿನ್ಸೆಂಟ್ ದೆ ಪಾಲ್‌ನವರು’ ಅಂದರೆ ಎಲ್ಲರಿಗೂ ಗೊತ್ತು.

ಈ ಕತೆಯಲ್ಲಿ ನನಗೆ ಇಷ್ಟವಾದ ಭಾಗ ಇನ್ನೊಂದಿದೆ. ಹುಡುಗರಿಗೆ ಉತ್ಸಾಹ ಇತ್ತು, ದಾರಿ ಗೊತ್ತಿರಲಿಲ್ಲ. ಹೋಗಿ ಸಿಸ್ಟರ್ ರೋಸಲಿ ರಾಂದ್ಯು ಅವರನ್ನು ಕೇಳಿದರು. ಆ ಸಿಸ್ಟರ್ ಪ್ಯಾರಿಸ್ಸಿನ ಬಡವರ ಕೇರಿಯಲ್ಲೇ ವರ್ಷಗಟ್ಟಲೆ ಬದುಕಿದವರು. ಯಾವ ಮನೆಗೆ ಹೋಗಬೇಕು, ಏನು ತೆಗೆದುಕೊಂಡು ಹೋಗಬೇಕು, ಬಾಗಿಲಲ್ಲಿ ಹೇಗೆ ಮಾತಾಡಬೇಕು, ಎಲ್ಲವನ್ನೂ ಅವರೇ ಕಲಿಸಿದರು. ಪುಸ್ತಕ ಓದಿದ ಹುಡುಗರಿಗೆ ಕೇರಿ ಓದಲು ಕಲಿಸಿದ್ದು ಒಬ್ಬ ಹೆಂಗಸು. ಹೆಸರು ಬಂದಿದ್ದು ಹುಡುಗರಿಗೆ, ಬಿಡಿ.

ಅಲ್ಲಿಂದ ಉಳಿದುಕೊಂಡ ನಿಯಮಗಳು ನೋಡಲು ಚಿಕ್ಕವು. ಬಡವರನ್ನು ಚರ್ಚಿನ ಗೇಟಿಗೆ ಕರೆಸಬೇಡಿ, ನೀವೇ ಅವರ ಮನೆಗೆ ಹೋಗಿ. ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ನಿಂತು ಕೊಟ್ಟು ಬರಬೇಡಿ, ಕೂತು ಮಾತಾಡಿ. ವಾರ ಬಿಡದೆ ಹೋಗಿ.

ಮನೆಗೆ ಯಾಕೆ? ಗೇಟಿನಲ್ಲಿ ಸಾಲು ನಿಂತವರು ಏನು ಕೇಳುತ್ತಾರೋ ಅಷ್ಟೇ ನಿಮಗೆ ಗೊತ್ತಾಗುವುದು. ಮನೆಯೊಳಗೆ ಕೂತರೆ ಕೇಳದೇ ಇದ್ದದ್ದೂ ಕಾಣುತ್ತದೆ. ಗ್ಯಾಸ್ ಸಿಲಿಂಡರ್ ಇದೆ, ಆದರೆ ಮೇಲೆ ಧೂಳು ಕೂತಿದೆ. ಹೊರಗೆ ಮೂರು ಕಲ್ಲಿನ ಒಲೆ ಹಚ್ಚಿದ್ದಾರೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅರ್ಧ ಮಾಡಿ ಡಬ್ಬಿಯಲ್ಲಿಟ್ಟಿದ್ದಾರೆ, ತಿಂಗಳು ಪೂರ್ತಿ ಬರಲಿ ಅಂತ. ಶಾಲೆಗೆ ಹೋಗಬೇಕಾದ ಹುಡುಗಿ ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡಿದ್ದಾಳೆ. ಇದನ್ನೆಲ್ಲ ಯಾವ ಅರ್ಜಿ ಫಾರಂ ತಾನೇ ಕೇಳುತ್ತದೆ?

ಇಬ್ಬರು ಯಾಕೆ? ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಬೇರೆ ಥರ ಕಾಣುತ್ತದೆ. ಒಬ್ಬರು ಮಾತಿಗೆ ಕೂತರೆ ಇನ್ನೊಬ್ಬರು ಮಕ್ಕಳನ್ನು ಆಡಿಸಬಹುದು. ಕರುಣೆ ಉಕ್ಕಿ ಜೇಬು ಪೂರ್ತಿ ಖಾಲಿ ಮಾಡುವವನನ್ನು ಇನ್ನೊಬ್ಬ ಮೆಲ್ಲಗೆ ಮೊಣಕೈಯಲ್ಲಿ ತಿವಿಯಬಹುದು. ಈಗ ಇದಕ್ಕೆ ರಕ್ಷಣೆಯ ಕಾರಣವೂ ಸೇರಿದೆ. ಮಕ್ಕಳಿರುವ ಕಡೆ ದೊಡ್ಡವರು ಒಬ್ಬರೇ ಇರಬಾರದು, ಮಕ್ಕಳ ಫೋಟೊ ತೆಗೆದು ಸ್ಟೇಟಸ್ ಹಾಕಬಾರದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಬಂದ ಮೇಲೆ ಈ ವಿಷಯದಲ್ಲಿ ಎಚ್ಚರ ಜಾಸ್ತಿಯಾಗಿದೆ, ಆಗಲೇಬೇಕಿತ್ತು ಕೂಡ.

ವಾರದ ಸಭೆ ನೋಡಿದರೆ ಹೊರಗಿನವರಿಗೆ ಚೀಟಿ ವ್ಯವಹಾರ ನೆನಪಾಗಬಹುದು. ಪ್ರಾರ್ಥನೆ ಮಾಡಿ ಕೂರುತ್ತಾರೆ. ಹೋದ ವಾರದ ನಡಾವಳಿ ಓದುತ್ತಾರೆ. ಯಾರು ಯಾವ ಮನೆಗೆ ಹೋದರು, ಏನು ಕಂಡರು, ಏನು ಬೇಕು ಅಂತ ಒಬ್ಬೊಬ್ಬರೇ ಹೇಳುತ್ತಾರೆ. ಅಕ್ಕಿ ಸಾಕಾ, ಸ್ಕೂಲ್ ಫೀಸಾ, ಬಾಡಿಗೆಯ ಅಡ್ವಾನ್ಸಾ ಅಂತ ವಾದ ಆಗುತ್ತದೆ, ಕೆಲವು ಸಲ ಜಗಳವೂ. ಆಮೇಲೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಮುಷ್ಟಿ ಕಟ್ಟಿ ಒಳಗೆ ಹಾಕಬೇಕು. ಯಾರು ಐನೂರು ಹಾಕಿದರು, ಯಾರು ಹತ್ತು ಹಾಕಿದರು, ಯಾರು ಬರೀ ಕೈ ಹಾಕಿ ತೆಗೆದರು ಯಾರಿಗೂ ತಿಳಿಯುವುದಿಲ್ಲ. ನೆರವು ಪಡೆಯುವ ಮನೆಯವರ ಹೆಸರು ಆ ಕೋಣೆಯಿಂದ ಹೊರಗೆ ಹೋಗಬಾರದು. ಈ ಎರಡು ಗುಟ್ಟುಗಳ ಮೇಲೆ ಎಲ್ಲ ನಿಂತಿದೆ ಅಂದರೂ ನಡೆಯುತ್ತದೆ. ಕೊಟ್ಟವರಿಗೆ ಬೋರ್ಡ್ ಇಲ್ಲ, ಪಡೆದವರಿಗೆ ನಾಚಿಕೆ ಇಲ್ಲ.

ಎಲ್ಲ ಯುವಕರ ಗುಂಪುಗಳೂ ವಿನ್ಸೆಂಟ್ ಸಭೆಯವಲ್ಲ. ಧರ್ಮಕೇಂದ್ರದ ಯುವ ಸಂಘ ಇರುತ್ತದೆ, ಕಾಲೇಜು ವಿದ್ಯಾರ್ಥಿಗಳ ಬಳಗ ಇರುತ್ತದೆ, ಪ್ರಾರ್ಥನಾ ಕೂಟದಿಂದ ಶುರುವಾಗಿ ಸೇವೆಗೆ ಇಳಿದವರೂ ಇರುತ್ತಾರೆ. ಇವರಲ್ಲಿ ಎಷ್ಟೋ ಕಡೆ ಬಳಕೆಯಲ್ಲಿರುವ ಇನ್ನೊಂದು ಪದ್ಧತಿ ಬೆಲ್ಜಿಯಂನಿಂದ ಬಂದದ್ದು. ಜೋಸೆಫ್ ಕಾರ್ಡೈನ್ ಅಂತ ಒಬ್ಬ ಗುರು. ಕಾರ್ಮಿಕರ ಮನೆಯ ಮಗ. ಗುರುವಾಗಲು ಓದುತ್ತಿದ್ದಾಗ ರಜೆಗೆ ಊರಿಗೆ ಬಂದರೆ, ಜೊತೆಯಲ್ಲಿ ಆಡಿ ಬೆಳೆದು ಕಾರ್ಖಾನೆ ಸೇರಿದ್ದ ಗೆಳೆಯರು ಇವರನ್ನು ಕಂಡು ದೂರ ಸರಿಯುತ್ತಿದ್ದರಂತೆ. ಆ ನೋವು ಅವರನ್ನು ಬಿಡಲಿಲ್ಲ. 1925ರಲ್ಲಿ ಯುವ ಕಾರ್ಮಿಕರ ಚಳವಳಿ ಕಟ್ಟಿದರು. ಅವರು ಕೊಟ್ಟ ಸೂತ್ರ ಮೂರೇ ಮಾತು: ನೋಡು, ತೂಗಿ ನೋಡು, ಮಾಡು. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲಿ (ಪೋಪ್ ಎಲ್ಲರಿಗೂ ಬರೆಯುವ ಬಹಿರಂಗ ಪತ್ರ) ಇದನ್ನೇ ಇಡೀ ಸಭೆಗೆ ಒಳ್ಳೆಯ ದಾರಿ ಅಂತ ಹೇಳಿದರು.

ಕೇಳಲು ಸುಲಭ, ಅಲ್ವಾ? ನಮ್ಮ ಗುಂಪು ಇದರಲ್ಲಿ ಎಡವಿದ ಕತೆ ಹೇಳುತ್ತೇನೆ.

ಥಣಿಸಂದ್ರದ ಆಚೆ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಪಕ್ಕದಲ್ಲೇ ತಗಡಿನ ಶೆಡ್ಡುಗಳು. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ನಾವು ಮೊದಲು ಹೋದದ್ದು ಒಂದು ಡಿಸೆಂಬರಿನಲ್ಲಿ. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಚಿತ್ರ, ಕಟ್ಟಿ ಮುಗಿಸಿದ್ದೆವು, ಕ್ಯಾರಲ್ಸ್ ಹಾಡಿ ಗಂಟಲು ಕಟ್ಟಿತ್ತು, ಹಬ್ಬದ ಹುಮ್ಮಸ್ಸು. ಕೇಕು, ಬಿಸ್ಕತ್ತು, ಹೊದಿಕೆ ಹಂಚಿದೆವು. ಗುಂಪು ಫೋಟೊ ಆಯಿತು. ಹೊರಡುವಾಗ ‘ಹೋಗಿ ಬರ್ತೀವಿ ಅಜ್ಜಿ’ ಅಂದೆ. ಬಾಗಿಲಲ್ಲಿ ಕೂತಿದ್ದ ಅಜ್ಜಿ ತಲೆಯೆತ್ತದೆ ಅಂದರು: ‘ಹ್ವಾದ ವರ್ಷ ಬಂದವ್ರೂ ಬರ್ತೀವಿ ಅಂತ್ಹೇಳೇ ಹೋಗ್ಯಾರಪ್ಪಾ.’

ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಜನವರಿಯಲ್ಲಿ ಮತ್ತೆ ಹೋದೆವು.

ಹೋದವರು ಏನು ಮಾಡಿದೆವು? ಮಕ್ಕಳು ಶಾಲೆಗೆ ಹೋಗದೆ ಮರಳಿನ ರಾಶಿಯ ಮೇಲೆ ಆಡುತ್ತಿದ್ದರು. ಇಂಜಿನಿಯರುಗಳು, ಬಿ.ಕಾಂ. ಓದಿದವರು ಸೇರಿದರೆ ಏನು ಹೊಳೆಯುತ್ತದೆ? ಟ್ಯೂಷನ್! ಬಣ್ಣದ ಪೆನ್ಸಿಲ್ ಬಂತು, ಗೋಡೆಗೆ ಹಚ್ಚುವ ವರ್ಣಮಾಲೆಯ ಚಾರ್ಟು ಬಂತು, ಬಿಳಿ ಬೋರ್ಡು ಬಂತು. ಆರು ಭಾನುವಾರ ಪಾಠ ಮಾಡಿದೆವು. ಮಕ್ಕಳು ಖುಷಿಯಾಗಿದ್ದರು, ನಾವು ಅವರಿಗಿಂತ ಖುಷಿಯಾಗಿದ್ದೆವು. ಏಳನೇ ವಾರ ಗುಂಪಿನ ಹಿರಿಯರೊಬ್ಬರು ಸುಮ್ಮನೆ ಒಂದು ಮಾತು ಕೇಳಿದರು: ‘ಈ ಮಕ್ಕಳು ಶಾಲೆಗೆ ಯಾಕೆ ಹೋಗ್ತಿಲ್ಲ ಅಂತ ಯಾರಾದ್ರೂ ಅವರ ಅಮ್ಮಂದಿರನ್ನ ಕೇಳಿದ್ರಾ?’

ಕೇಳಿರಲಿಲ್ಲ. ‘ನೋಡು’ ಅನ್ನುವ ಮೊದಲ ಮೆಟ್ಟಿಲನ್ನೇ ಹಾರಿ ‘ಮಾಡು’ ಮೇಲೆ ಕೂತಿದ್ದೆವು.

ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಕೇಳಿದಾಗ ಕಾರಣ ಒಂದೊಂದಾಗಿ ಹೊರಬಂತು. ಊರಿನ ಶಾಲೆಯಿಂದ ಟಿ.ಸಿ. ತಂದಿಲ್ಲ, ಆದ್ದರಿಂದ ಇಲ್ಲಿ ಸೇರಿಸಿಕೊಳ್ಳಲ್ಲ ಅಂತ ಅವರೇ ಅಂದುಕೊಂಡಿದ್ದರು. ತಾಯಿ ಕೆಲಸಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳಲು ದೊಡ್ಡ ಮಗಳು ಬೇಕು. ಶಾಲೆಗೂ ಶೆಡ್ಡಿಗೂ ನಡುವೆ ಲಾರಿ ಓಡಾಡುವ ರಸ್ತೆ. ಓದಿನಲ್ಲಿ ಆಸಕ್ತಿ ಇಲ್ಲ ಅನ್ನುವ ಮನೆ ಒಂದೂ ಸಿಗಲಿಲ್ಲ. ನಾವು ಮನಸ್ಸಿನಲ್ಲಿ ಬರೆದುಕೊಂಡಿದ್ದ ಕಾರಣ ಅದೊಂದೇ ಆಗಿತ್ತು.

ಆಮೇಲೆ ತೂಗಿ ನೋಡುವ ಕೆಲಸ. ಇಲ್ಲಿ ಶುಭಸಂದೇಶದ ಜೊತೆಗೆ ಸರ್ಕಾರದ ಕಾನೂನನ್ನೂ ಓದಬೇಕಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವರ್ಷದ ನಡುವೆ ಬಂತು ಅಂತ ವಾಪಸ್ ಕಳಿಸುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ, ಟಿ.ಸಿ. ತಡವಾಯಿತು ಅನ್ನುವುದೂ ನೆಪ ಆಗಬಾರದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಬಹುದು. ಅವರ ಬಾಯಲ್ಲಿ ಅದು ‘ಲೇಬರ್ ಕಾರ್ಡ್’. ರೇಷನ್ ಕಾರ್ಡು ಊರಿನದಾದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ತೆಗೆದುಕೊಳ್ಳಲು ಅವಕಾಶ ಇದೆ. ನಾವು ಹಂಚುತ್ತಿದ್ದ ಎರಡು ಕೆಜಿ ಬೇಳೆಗಿಂತ ಈ ಮೂರು ಮಾಹಿತಿ ದೊಡ್ಡದು ಅಂತ ಅರ್ಥವಾಗಲು ನಮಗೆ ಎರಡು ತಿಂಗಳು ಬೇಕಾಯಿತು.

ಹಾಗಾಗಿ ಬಿಳಿ ಬೋರ್ಡು ಮಡಚಿಟ್ಟೆವು. ಒಬ್ಬಳು ರಜೆ ಹಾಕಿ ಇಬ್ಬರು ತಾಯಂದಿರ ಜೊತೆ ಸರ್ಕಾರಿ ಶಾಲೆಗೆ ಹೋದಳು. ಮೊದಲ ದಿನ ಆಗಲಿಲ್ಲ, ಎರಡನೇ ದಿನವೂ ಇಲ್ಲ. ಮೂರನೇ ಸಲ ಮುಖ್ಯೋಪಾಧ್ಯಾಯಿನಿಯೇ ಟಿ.ಸಿ.ಗಾಗಿ ಊರಿನ ಶಾಲೆಗೆ ಫೋನ್ ಹಚ್ಚಿದರು. ಇನ್ನಿಬ್ಬರು ಹುಡುಗರು ಆಫೀಸಿಗೆ ಹೋಗುವ ಮೊದಲು ಮಕ್ಕಳಿಗೆ ರಸ್ತೆ ದಾಟಿಸುವ ಪಾಳಿ ಹಚ್ಚಿಕೊಂಡರು. ಕೂಸುಗಳಿಗೆ ಅಂಗನವಾಡಿ ಎಲ್ಲಿದೆ ಅಂತ ಹುಡುಕಿದೆವು. ಫೋಟೊ ತೆಗೆಯುವಂಥದ್ದು ಇದರಲ್ಲಿ ಏನೂ ಇರಲಿಲ್ಲ. ಆದರೆ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಸಿಕ್ಕಿತು. ಅದು ಭಾನುವಾರದ ಕೇಕಿನಂತಲ್ಲ, ಶಾಲೆ ಇದ್ದಷ್ಟು ದಿನವೂ ಸಿಗುತ್ತದೆ.

ಈ ಊರಿಗೆ ಚರ್ಚಿನವರ ಸೇವೆ ಹೊಸದೇನಲ್ಲ. ಮೈಸೂರು ಸೀಮೆಯನ್ನು 1876ರಿಂದ 78ರವರೆಗೆ ಧಾತು ಈಶ್ವರ ಬರ ತಿಂದು ಹಾಕಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಆಗ ಅನಾಥರಾದವರಿಗೆ ಫ್ರೆಂಚ್ ಮಿಷನರಿಗಳು ಜಮೀನು ಹಿಡಿದು ನೆಲೆ ಮಾಡಿಕೊಟ್ಟರು. ಹೆಸರಘಟ್ಟದ ಕಡೆಯ ಸಿಲುವೆಪುರ ಹಾಗೆ ಎದ್ದ ಊರು. ಸಿಲುವೆ ಅಂದರೆ ಶಿಲುಬೆ. ನೃಪತುಂಗ ರಸ್ತೆಯ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಗುಡ್ ಶೆಫರ್ಡ್ ಸಿಸ್ಟರುಗಳು ಶುರು ಮಾಡಿದ್ದು 1886ರಲ್ಲಿ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಕುಷ್ಠರೋಗ ಬಂದವರಿಗೆ ಚಿಕಿತ್ಸೆಯ ಜೊತೆ ಕೈಕೆಲಸ ಕಲಿಸಿ ನಿಲ್ಲಿಸುವ ಕೆಲಸ ದಶಕಗಳಿಂದ ನಡೆದಿದೆ.

ಇವೆಲ್ಲ ಗುರುಗಳು, ಸಿಸ್ಟರುಗಳು ಕಟ್ಟಿದ ಸಂಸ್ಥೆಗಳು. ಯುವಕರ ಕೈಯಿಂದ ಶುರುವಾದದ್ದಕ್ಕೆ ಒಳ್ಳೆಯ ಉದಾಹರಣೆ ಬೀದಿ ಮಕ್ಕಳಿಗಾಗಿ ಇರುವ ಬೋಸ್ಕೊ ಸಂಸ್ಥೆ. 1980ರಲ್ಲಿ ಇಲ್ಲಿ ಗುರುಪಟ್ಟಕ್ಕೆ ಓದುತ್ತಿದ್ದ ಸಲೇಸಿಯನ್ ಸಭೆಯ ತರುಣರು ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್, ಮಾರುಕಟ್ಟೆಗಳಲ್ಲಿ ಮಲಗುವ ಹುಡುಗರ ಜೊತೆ ಹೋಗಿ ಕೂರಲು ಶುರು ಮಾಡಿದರು. ಬೋಸ್ಕೊ ಅನ್ನುವುದು ಅವರ ಸಂತರ ಹೆಸರೂ ಹೌದು, ಜೊತೆಗೆ ಅದನ್ನು ಬಿಡಿಸಿದರೆ ‘ಬೆಂಗಳೂರು ಓಣಿಯವರ ಸೇವಾ ಕೂಟ’! ಇಂಗ್ಲಿಷ್ ಅಕ್ಷರಗಳ ಒಳಗೆ ಇಷ್ಟು ಚಂದದ ಕನ್ನಡ ಅಡಗಿಸಿದವರು ಯಾರೋ, ಅವರಿಗೆ ಒಂದು ನಮಸ್ಕಾರ. ಮನೆ ಬಿಟ್ಟು ಬಂದ ಹುಡುಗನಿಗೆ ಮೊದಲು ಬೇಕಾದದ್ದು ಉಪದೇಶ ಅಲ್ಲ, ನಾಳೆಯೂ ಅದೇ ಜಾಗದಲ್ಲಿ ಸಿಗುವ ಒಂದು ಮುಖ ಅಂತ ಅವರು ಕಂಡುಕೊಂಡರು. ಇಂಥ ಮಗು ನಿಮ್ಮ ಕಣ್ಣಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ. ಅದಕ್ಕೆ ಯಾವ ಗುಂಪಿಗೂ ಸೇರಬೇಕಾಗಿಲ್ಲ.

ಈಗ ಆ ಏಳನೆಯ ಕೆಲಸ. 2020–21ರಲ್ಲಿ ಸ್ಮಶಾನಗಳ ಮುಂದೆ ಆಂಬುಲೆನ್ಸ್ ಸಾಲು ನಿಂತದ್ದನ್ನು ಬೆಂಗಳೂರು ಮರೆತಿಲ್ಲ. ಮನೆಯವರೇ ಕ್ವಾರಂಟೈನ್‌ನಲ್ಲಿ, ಹೆಣ ಎತ್ತಲು ಜನ ಇಲ್ಲ. ಆಗ ಪಿಪಿಇ ಕಿಟ್ ಹಾಕಿಕೊಂಡು ಮುಂದೆ ಬಂದವರಲ್ಲಿ ‘ಮರ್ಸಿ ಏಂಜೆಲ್ಸ್’ ಎಂಬ ಸ್ವಯಂಸೇವಕರ ಬಳಗವೂ ಇತ್ತು. ಸತ್ತವರ ಜಾತಿ ಧರ್ಮ ನೋಡದೆ, ಅವರವರ ಪದ್ಧತಿಯಂತೆ ಹೂಳುವುದು ಅಥವಾ ಸುಡುವುದು. ಪ್ಲಾಸ್ಟಿಕ್ ಉಡುಪಿನೊಳಗೆ ಬೆವರು ಹರಿದು ಶೂ ತುಂಬುತ್ತಿತ್ತು ಅಂತ ಆ ದಿನಗಳಲ್ಲಿ ಈ ಕೆಲಸ ಮಾಡಿದ ಒಬ್ಬ ಹುಡುಗ ನನಗೆ ಹೇಳಿದ. ಅವನು ಹೆಚ್ಚು ಮಾತಾಡುವವನಲ್ಲ. ‘ಮಗ್ಗಿ ಹೇಳಿದ್ವಲ್ಲ, ಏಳನೇದು’ ಅಂದು ಸುಮ್ಮನಾದ.

ನನ್ನ ಗೆಳೆಯನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ: ಜನ ಸೇರಿಸುವುದು. ಇದನ್ನು ಮುಚ್ಚಿಟ್ಟು ಮಾತಾಡಿ ಪ್ರಯೋಜನವಿಲ್ಲ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ತಡೆಗೆ ಕಾಯ್ದೆ ಬಂತು. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ತೀರ್ಮಾನಿಸಿತು. ಆ ಜಗಳದ ಬಿಸಿ ಅಕ್ಕಿ ಚೀಲ ಹೊತ್ತು ಹೋಗುವ ಹುಡುಗರಿಗೂ ತಟ್ಟುತ್ತದೆ. ‘ಯಾವ ಊರು, ಯಾರು ಕಳಿಸಿದ್ದು’ ಅಂತ ಬೀದಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಕ್ಯಾಥೊಲಿಕ್ ಸಭೆಯ ನಿಲುವು ಇಲ್ಲಿ ಸ್ಪಷ್ಟವಾಗಿದೆ. 2005ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ತಮ್ಮ ಮೊದಲ ವಿಶ್ವಪತ್ರದಲ್ಲಿ ಇದನ್ನು ನೇರವಾಗಿ ಬರೆದರು: ಸೇವೆಯನ್ನು ಮತಕ್ಕೆ ಸೆಳೆಯುವ ಸಾಧನ ಮಾಡಿಕೊಳ್ಳಬಾರದು, ಪ್ರೀತಿಗೆ ಬೆಲೆಪಟ್ಟಿ ಇಲ್ಲ. ಯಾವಾಗ ದೇವರ ಬಗ್ಗೆ ಮಾತಾಡಬೇಕು, ಯಾವಾಗ ಬಾಯಿ ಮುಚ್ಚಿಕೊಂಡು ಬರೀ ಪ್ರೀತಿ ಮಾತಾಡಲಿ ಅಂತ ಬಿಡಬೇಕು ಅನ್ನುವುದು ಗೊತ್ತಿರಬೇಕು ಅಂತಲೂ ಅವರು ಹೇಳುತ್ತಾರೆ.

ನಮ್ಮ ಗುಂಪಿನಲ್ಲಿ ಇದು ಹೀಗೆ ಜಾರಿಯಲ್ಲಿದೆ: ಕರಪತ್ರ ಇಲ್ಲ, ಶಿಲುಬೆಯ ಚಿತ್ರ ಇರುವ ಚೀಲ ಇಲ್ಲ, ಮನೆಯವರು ತಾವಾಗಿ ಕೇಳದೆ ಪ್ರಾರ್ಥನೆ ಇಲ್ಲ. ಹಾಗಂತ ಎಲ್ಲ ಕಡೆ ಎಲ್ಲರೂ ಹೀಗೇ ಇದ್ದಾರೆ ಅಂತ ನಾನು ಪ್ರಮಾಣ ಮಾಡಲಾರೆ. ಆಸೆ ತೋರಿಸಿ ಕರೆಯುವವರನ್ನು ಕಂಡರೆ ಮೊದಲು ಬೇಜಾರಾಗುವುದು ನಮಗೇ. ಅನುಮಾನಕ್ಕೆ ಮದ್ದು ಏನು? ವಾದ ಮಾಡಿ ಗೆಲ್ಲಲು ಆಗಲ್ಲ. ಆರು ತಿಂಗಳು ತಪ್ಪದೆ ಹೋದರೆ ಅನುಮಾನಪಟ್ಟವರೇ ಚಹಾ ತರಿಸುತ್ತಾರೆ. ನಮ್ಮನ್ನು ನಿಲ್ಲಿಸಿ ಕೇಳಿದ್ದ ಒಬ್ಬರು ಆಮೇಲೆ ತಮ್ಮ ಗೂಡ್ಸ್ ಆಟೊದಲ್ಲೇ ಶಾಲೆಯ ಡೆಸ್ಕು ಸಾಗಿಸಿಕೊಟ್ಟರು, ಡೀಸೆಲ್ ದುಡ್ಡು ಮಾತ್ರ ತೆಗೆದುಕೊಂಡು.

ಸಮಸ್ಯೆ ಹೊರಗಿನದಕ್ಕಿಂತ ಒಳಗಿನದು ಜಾಸ್ತಿ. ಡಿಸೆಂಬರಿನಲ್ಲಿ ನಲವತ್ತು ಜನ, ಫೆಬ್ರವರಿಯಲ್ಲಿ ಆರು ಜನ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಬಂದರೆ ಮತ್ತೆ ಹದಿನೈದು. ಕೆಲಸ ಬದಲಾಗುತ್ತದೆ, ಪಿ.ಜಿ. ಬದಲಾಗುತ್ತದೆ, ಮದುವೆಯಾಗುತ್ತದೆ, ಕೆನಡಾಕ್ಕೆ ವೀಸಾ ಬರುತ್ತದೆ. ಇನ್ನೊಂದು ಭಾಷೆಯ ಪೇಚು. ಗುಂಪಿನಲ್ಲಿ ಒಬ್ಬ ಮಂಗಳೂರಿನ ಕೊಂಕಣಿಯವನು, ಒಬ್ಬಳು ತ್ರಿಶ್ಶೂರಿನವಳು, ಇಬ್ಬರು ಇಲ್ಲೇ ಹುಟ್ಟಿದ ತಮಿಳರು, ಒಬ್ಬ ಹಾರೋಬೆಲೆಯ ಅಚ್ಚಕನ್ನಡದವನು. ತಮ್ಮ ತಮ್ಮಲ್ಲಿ ಮಾತು ಇಂಗ್ಲಿಷಿನಲ್ಲಿ. ಶೆಡ್ಡಿನ ಬಾಗಿಲಲ್ಲಿ ಆ ಇಂಗ್ಲಿಷ್ ಯಾವ ಕೆಲಸಕ್ಕೂ ಬರುವುದಿಲ್ಲ. ಚರ್ಚಿನೊಳಗೆ ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಅಂತ ವರ್ಷಗಟ್ಟಲೆ ಕಿತ್ತಾಡಿದ ಊರು ಇದು. ಆದರೆ ಥಣಿಸಂದ್ರದ ಅಜ್ಜಿಯ ಹತ್ತಿರ ‘ಊಟ ಆತೇನ್ರಿ’ ಅಂತ ತ್ರಿಶ್ಶೂರಿನ ಹುಡುಗಿ ಕೇಳಿದ ದಿನ ಶೆಡ್ಡೆಲ್ಲ ನಕ್ಕಿತು. ಕನ್ನಡ ಕಲಿಸುವ ಯಾವ ಅಭಿಯಾನವೂ ಅಷ್ಟು ಬೇಗ ಕಲಿಸಿರಲಾರದು.

ಕೆಲಸಕ್ಕೆ ಹೋಗುವವರಿಗೆ ಟೈಮ್ ಎಲ್ಲಿ ಸಿಗುತ್ತೆ ಅಂತ ಕೇಳುವವರಿಗೆ ನಾನು ಒಬ್ಬನ ಕತೆ ಹೇಳುತ್ತೇನೆ. ಪಿಯೆರ್ ಜಾರ್ಜಿಯೊ ಫ್ರಸ್ಸಾತಿ, ಇಟಲಿಯ ಟ್ಯೂರಿನ್ ನಗರದವನು, 1901ರಲ್ಲಿ ಹುಟ್ಟಿದವನು. ಗಣಿ ಇಂಜಿನಿಯರಿಂಗ್ ಓದುತ್ತಿದ್ದ, ಬೆಂಗಳೂರಿನವರಿಗೆ ಹತ್ತಿರದ ನೆಂಟ ಅನ್ನಿ. ಅಪ್ಪ ‘ಲಾ ಸ್ತಾಂಪಾ’ ಪತ್ರಿಕೆಯ ಒಡೆಯ. ಮಗ ಬೆಟ್ಟ ಹತ್ತುತ್ತಿದ್ದ, ಗೆಳೆಯರಿಗೆ ಕೀಟಲೆ ಕೊಡುತ್ತಿದ್ದ, ಪರೀಕ್ಷೆಯಲ್ಲಿ ಒದ್ದಾಡುತ್ತಿದ್ದ. ಜೊತೆಗೆ ವಿನ್ಸೆಂಟ್ ಸಭೆ ಸೇರಿ ಬಡವರ ಮನೆಗಳಿಗೆ ಹೋಗುತ್ತಿದ್ದ. ಟ್ರಾಮಿನ ದುಡ್ಡು ಯಾರಿಗೋ ಕೊಟ್ಟು ಮನೆಗೆ ನಡೆದೋ ಓಡಿಯೋ ಬರುತ್ತಿದ್ದ. ಇದೆಲ್ಲ ಮನೆಯವರಿಗೆ ಅಷ್ಟಾಗಿ ಗೊತ್ತೇ ಇರಲಿಲ್ಲ. 24ನೇ ವಯಸ್ಸಿಗೆ ಪೋಲಿಯೊ ಬಡಿಯಿತು, ಕೆಲವೇ ದಿನಗಳಲ್ಲಿ ಹೋದ. ಸಾಯುವ ಹಿಂದಿನ ದಿನ, ಆಗಲೇ ಸ್ವಾಧೀನ ತಪ್ಪುತ್ತಿದ್ದ ಕೈಯಲ್ಲಿ ಒಂದು ಚೀಟಿ ಗೀಚಿದ. ಒಬ್ಬ ಬಡ ರೋಗಿಗೆ ತಲುಪಿಸಬೇಕಿದ್ದ ಇಂಜೆಕ್ಷನ್ನಿನ ವಿಷಯ ಅದರಲ್ಲಿತ್ತು. ಶವಯಾತ್ರೆಗೆ ಊರಿನ ಬಡವರು ಬೀದಿ ತುಂಬಿ ಬಂದಾಗ, ಇವರೆಲ್ಲ ಯಾರು ಅಂತ ಮನೆಯವರು ಬೆರಗಾದರು. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೊ ಅವನನ್ನು ಸಂತ ಎಂದು ಸಾರಿದರು. ಸಂತನಾದದ್ದಕ್ಕಿಂತ ಆ ಚೀಟಿ ನನಗೆ ಹೆಚ್ಚು ನೆನಪಾಗುತ್ತದೆ. ತಾನು ಹೋಗಲು ಆಗದಿದ್ದರೂ ಆ ಮನೆಯ ಸರದಿ ತಪ್ಪಬಾರದು ಅನ್ನುವ ಚೀಟಿ ಅದು.

ಥಣಿಸಂದ್ರದ ಕತೆ ಅಲ್ಲಿಗೇ ಮುಗಿಯಲಿಲ್ಲ. ಅಪಾರ್ಟ್‌ಮೆಂಟ್ ಮುಗಿಯಿತು. ಒಂದು ಭಾನುವಾರ ಹೋದಾಗ ಶೆಡ್ಡುಗಳ ಜಾಗದಲ್ಲಿ ಹುಲ್ಲಿನ ಹಾಸು, ಮಕ್ಕಳ ಜಾರುಬಂಡಿ. ವಾಚ್‌ಮನ್ ನಮ್ಮನ್ನು ಒಳಗೆ ಬಿಡಲಿಲ್ಲ. ಮೇಸ್ತ್ರಿಯ ನಂಬರಿಗೆ ಫೋನ್ ಮಾಡಿದೆವು. ಹೆಚ್ಚಿನವರು ಊರಿಗೆ ಹೋಗಿದ್ದರು, ಮೂರು ಮನೆಯವರು ಸರ್ಜಾಪುರದ ಕಡೆ ಹೊಸ ಸೈಟಿಗೆ. ಅಜ್ಜಿಯೂ ಅವರ ಜೊತೆ. ಮಕ್ಕಳ ಟಿ.ಸಿ. ಮಾತ್ರ ಇನ್ನೂ ಥಣಿಸಂದ್ರದ ಶಾಲೆಯಲ್ಲೇ ಇತ್ತು.

ಗೆಳೆಯ ಪ್ರಶ್ನೆ ಕೇಳಿದ ಆ ಬೆಳಿಗ್ಗೆ ಹೊಂಗೆ ಮರದ ಕೆಳಗೆ ನಡೆಯುತ್ತಿದ್ದದ್ದು ಇದೇ ಚರ್ಚೆ. ಟಿ.ಸಿ. ಈಸಿಕೊಂಡು ಕವರಿನಲ್ಲಿ ಹಾಕಿಯಾಗಿತ್ತು. ಬಿ.ಪಿ. ಮಾತ್ರೆ ಬ್ಯಾಗಿನಲ್ಲಿತ್ತು. ಸರ್ಜಾಪುರಕ್ಕೆ ಎರಡು ಬಸ್ ಬದಲಾಯಿಸಬೇಕು, ಹೋಗಿ ಬರಲು ಇಡೀ ದಿನ. ನೋಟ್‌ಬುಕ್ ಹಿಡಿದವಳು ತನ್ನ ಹೆಸರು ಬರೆದುಕೊಂಡು ಪೆನ್ನನ್ನು ಹಾಗೇ ಹಿಡಿದು ನಿಂತಿದ್ದಳು. ಎರಡನೇ ಹೆಸರಿನ ಜಾಗ ಇನ್ನೂ ಖಾಲಿ ಇತ್ತು.